ಗೋಧಿಯ ಭಂಡಾರ ರೋಗ: ಅದನ್ನು ತಡೆಯುವ ಜೀನ್‌ಗಳು, ನಮ್ಮ ಜವೆ ಗೋಧಿಯ ಪಾಲು

ಗೋಧಿಗೆ ತಗಲುವ ರೋಗಗಳಲ್ಲಿ ತುಕ್ಕು ರೋಗ ಬಹಳ ಹಳೆಯದು, ಹೆಚ್ಚು ಹಾನಿ ಮಾಡುವಂಥದ್ದು. ರೋಗ ಬಿದ್ದ ಎಲೆಯನ್ನು ಬೆರಳಿನಿಂದ ಸವರಿದರೆ ಕೆಂಪು-ಹಳದಿ ಪುಡಿ ಕೈಗೆ ಹತ್ತುತ್ತದೆ. ಎಲ್ಲಮ್ಮನ ಗುಡಿಯಲ್ಲಿ ಹಚ್ಚಿಕೊಂಡ ಭಂಡಾರದಂತೆ ಕಾಣುವುದರಿಂದ ಉತ್ತರ ಕರ್ನಾಟಕದ ರೈತರು ಇದನ್ನು ‘ಭಂಡಾರ ರೋಗ’ ಎನ್ನುತ್ತಾರೆ.

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮ್ಮ ಹೊಲಗಳಲ್ಲಿ ಗೋಧಿ ಇಲ್ಲ; ಇಲ್ಲಿನ ಬೆಳೆ ರಾಗಿ, ಅವರೆ, ಹುರುಳಿ, ಮಾವು. ಹಾಗಿದ್ದರೂ ಈ ವಿಷಯ ನಮಗೆ ದೂರದ್ದಲ್ಲ. ಕರ್ನಾಟಕದ ಗೋಧಿಗೆ ಈ ರೋಗ ಬರುವುದು ಬಹುಮಟ್ಟಿಗೆ ನಾವಿರುವ ತಮಿಳುನಾಡಿನ ಬೆಟ್ಟಗಳಿಂದ. ರೋಗ ತಡೆಯುವ ತಳಿಗಳನ್ನು ಪರೀಕ್ಷಿಸುವ ದೊಡ್ಡ ಕೇಂದ್ರವೊಂದಿರುವುದೂ ಅದೇ ಬೆಟ್ಟದಲ್ಲಿ. ಜಗತ್ತಿನ ವಿಜ್ಞಾನಿಗಳಿಗೆ ರೋಗನಿರೋಧಕ ಜೀನ್‌ಗಳನ್ನು ಕೊಟ್ಟ ಗೋಧಿಗಳಲ್ಲಿ ಒಂದು ನಮ್ಮ ಅಜ್ಜಿಯರು ಕುಟ್ಟಿ ಹುಗ್ಗಿ ಮಾಡುತ್ತಿದ್ದ ಜವೆ ಗೋಧಿಯ ಜಾತಿಗೇ ಸೇರಿದ್ದು. ಗಡಿಯ ಎರಡೂ ಕಡೆ ಬೇರು ಇರುವ ಈ ಕಥೆಯನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಒಟ್ಟಿಗೆ ಕೊಟ್ಟಿದೆ.

ರೋಗದ ಮೂರು ಬಗೆ

ತುಕ್ಕು ರೋಗಕ್ಕೆ ಕಾರಣ ಪಕ್ಸೀನಿಯಾ ಎಂಬ ಶಿಲೀಂಧ್ರ. ಗೋಧಿಯಲ್ಲಿ ಇದರ ಮೂರು ಜಾತಿಗಳಿವೆ.

ಕಾಂಡ ತುಕ್ಕು ಅಥವಾ ಕಪ್ಪು ತುಕ್ಕು: ಕಾಂಡದ ಮೇಲೆ ಉದ್ದನೆಯ ಇಟ್ಟಿಗೆ ಬಣ್ಣದ ಗುಳ್ಳೆಗಳು ಏಳುತ್ತವೆ. ಬೆಳೆ ಮಾಗುವ ಹೊತ್ತಿಗೆ ಅವು ಕಪ್ಪಾಗುತ್ತವೆ. ಮೂರರಲ್ಲಿ ಇದೇ ಹೆಚ್ಚು ಅಪಾಯಕಾರಿ. ಕಾಳು ತುಂಬುವ ಮೊದಲೇ ಬಂದರೆ ಜೊಳ್ಳೇ ಗತಿ.

ಎಲೆ ತುಕ್ಕು ಅಥವಾ ಕಂದು ತುಕ್ಕು: ಎಲೆಯ ಮೇಲ್ಭಾಗದಲ್ಲಿ ಚದುರಿದಂತೆ ಸಣ್ಣ ದುಂಡನೆಯ ಕಿತ್ತಳೆ-ಕಂದು ಚುಕ್ಕೆಗಳು ಕಾಣುತ್ತವೆ.

ಹಳದಿ ತುಕ್ಕು ಅಥವಾ ಪಟ್ಟೆ ತುಕ್ಕು: ಎಲೆಯ ಉದ್ದಕ್ಕೂ ಗೆರೆ ಎಳೆದಂತೆ ಹಳದಿ ಗುಳ್ಳೆಗಳು ಸಾಲುಗಟ್ಟುತ್ತವೆ. ಇದಕ್ಕೆ ಚಳಿ ಬೇಕು. ಪಂಜಾಬ್, ಹಿಮಾಚಲ ಪ್ರದೇಶಗಳಲ್ಲಿ ಇದರ ಕಾಟ ಹೆಚ್ಚು.

ಕರ್ನಾಟಕದ ಬಯಲುಸೀಮೆಯಲ್ಲಿ ಕಾಡುವವು ಮುಖ್ಯವಾಗಿ ಮೊದಲ ಎರಡು. ನೀಲಗಿರಿಯ ತಂಪಿನಲ್ಲಿ ಮಾತ್ರ ಮೂರೂ ಕಾಣಿಸಿಕೊಳ್ಳುತ್ತವೆ.

ರೋಗ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ 1946-47ರ ಹಂಗಾಮು ಸಾಕ್ಷಿ. ಆ ವರ್ಷ ಮಧ್ಯ ಭಾರತದಲ್ಲಿ ಕಾಂಡ ತುಕ್ಕು ಹಬ್ಬಿ, ಅಂದಾಜು 20 ಲಕ್ಷ ಟನ್ ಗೋಧಿ ನಷ್ಟವಾಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಪಡಿತರದ ಕಾಲದಲ್ಲಿ, ಅದು ಸಣ್ಣ ಪೆಟ್ಟಲ್ಲ.

ಬೆಟ್ಟದಿಂದ ಬಯಲಿಗೆ

ಈ ಶಿಲೀಂಧ್ರ ಜೀವಂತ ಗಿಡದ ಮೇಲೆ ಮಾತ್ರ ಬದುಕುತ್ತದೆ. ಬಯಲುಸೀಮೆಯಲ್ಲಿ ಗೋಧಿ ಕೊಯ್ಲಾದ ಮೇಲೆ ಅದಕ್ಕೆ ನೆಲೆಯಿಲ್ಲ. ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಅದರ ಬೀಜಕಣಗಳು ಸತ್ತುಹೋಗುತ್ತವೆ. ಹಾಗಾದರೆ ಮರುವರ್ಷ ರೋಗ ಎಲ್ಲಿಂದ ಬರುತ್ತದೆ?

ಯೂರೋಪ್, ಅಮೆರಿಕಗಳಲ್ಲಿ ಇದಕ್ಕೆ ಉತ್ತರ ಬಾರ್ಬೆರಿ ಎಂಬ ಪೊದೆ. ಕಾಂಡ ತುಕ್ಕು ಅಲ್ಲಿ ಆ ಪೊದೆಯ ಮೇಲೂ ಬೆಳೆದು ಗೋಧಿಗೆ ಮರಳುತ್ತದೆ. ಭಾರತದಲ್ಲಿ ಹಾಗಿಲ್ಲ ಎಂದು ತೋರಿಸಿದವರು ಆಗ್ರಾ ಕಾಲೇಜಿನ ಪ್ರೊ. ಕರಮ್ ಚಂದ್ ಮೆಹ್ತಾ. ವರ್ಷಗಟ್ಟಲೆ ಅಧ್ಯಯನ ಮಾಡಿ 1940ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಸಾರ ಇಷ್ಟು: ಬೇಸಿಗೆಯಲ್ಲಿ ರೋಗ ತಂಪಾದ ಬೆಟ್ಟಗಳಲ್ಲಿ, ಅಲ್ಲಿನ ಗೋಧಿಯ ಮೇಲೆ ಮತ್ತು ತಾನಾಗಿ ಮೊಳೆತ ಗಿಡಗಳ ಮೇಲೆ ಉಳಿದುಕೊಳ್ಳುತ್ತದೆ, ಹಿಂಗಾರಿನಲ್ಲಿ ಗಾಳಿಯ ಮೂಲಕ ಬಯಲಿಗೆ ಇಳಿಯುತ್ತದೆ. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ನೀಲಗಿರಿ ಮತ್ತು ಪಳನಿ ಬೆಟ್ಟಗಳು ಆ ನೆಲೆಗಳು.

ಮುಂದೆ 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಯಾಣದ ದಾರಿಯನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ನವೆಂಬರ್ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ, ಚಂಡಮಾರುತ ದಕ್ಷಿಣದ ಮೇಲೆ ಹಾದು ಮಧ್ಯ ಭಾರತದಲ್ಲಿ ಕರಗಿದರೆ, ಬೆಟ್ಟದ ಬೀಜಕಣಗಳು ಗಾಳಿಯಲ್ಲಿ ತೇಲಿಹೋಗಿ ಮಳೆಹನಿಯೊಂದಿಗೆ ಬಹುದೂರದ ಗೋಧಿ ಹೊಲಗಳ ಮೇಲೆ ಇಳಿಯುತ್ತವೆ. ಹೊಸೂರಿನಲ್ಲಿ ನಾವು ಚಂಡಮಾರುತದ ಜಡಿಮಳೆ ಎಂದು ಬಾಗಿಲು ಮುಚ್ಚಿ ಕೂರುವ ದಿನಗಳು ಉತ್ತರ ಕರ್ನಾಟಕ, ಮಹಾರಾಷ್ಟ್ರ, ಮಧ್ಯ ಪ್ರದೇಶಗಳ ಗೋಧಿ ರೈತನಿಗೆ ಬೇರೆಯೇ ಎಚ್ಚರಿಕೆ ಕೊಡುವ ದಿನಗಳು. ರಾಜ್ಯದ ಗಡಿ, ಭಾಷೆಯ ಗಡಿ ರೋಗಕ್ಕೆ ತಿಳಿಯದು.

ಜೀನ್ ಮಾಡುವ ಕೆಲಸವೇನು?

ಒಂದೇ ಹೊಲದಲ್ಲಿ ಒಂದು ತಳಿ ಪೂರ್ತಿ ಕೆಂಪಾಗಿ, ಪಕ್ಕದ ತಳಿ ಹಸಿರಾಗಿ ನಿಂತಿರುವುದನ್ನು ರೈತರು ಹಿಂದಿನಿಂದಲೂ ಕಂಡಿದ್ದಾರೆ. ಈ ಗುಣ ತಂದೆ-ತಾಯಿಯಿಂದ ಮಕ್ಕಳಿಗೆ ಬರುವಂತೆ ಲೆಕ್ಕಬದ್ಧವಾಗಿ ಬರುತ್ತದೆ ಎಂದು 1905ರಲ್ಲಿ ಕೇಂಬ್ರಿಜ್‌ನ ರೋಲಂಡ್ ಬಿಫೆನ್ ಹಳದಿ ತುಕ್ಕಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅಂದರೆ ರೋಗ ತಡೆಯುವ ಶಕ್ತಿ ಮಣ್ಣಿನದೋ ಗೊಬ್ಬರದ್ದೋ ಮಾತ್ರವಲ್ಲ, ಬೀಜದೊಳಗಿನ ಜೀನ್‌ನದು.

ಇಂಥ ಜೀನ್‌ಗಳಲ್ಲಿ ಹೆಚ್ಚಿನವು ಕಾವಲುಗಾರನ ಕೆಲಸ ಮಾಡುತ್ತವೆ. ಶಿಲೀಂಧ್ರ ಎಲೆಯೊಳಗೆ ನುಗ್ಗಿ ತನ್ನದೊಂದು ಪ್ರೋಟೀನನ್ನು ಬಿಡುತ್ತದೆ. ಗಿಡದ ಕಾವಲು ಪ್ರೋಟೀನ್ ಅದನ್ನು ಗುರುತು ಹಿಡಿದರೆ, ಆ ಜಾಗದ ಜೀವಕೋಶಗಳು ತಾವೇ ಸತ್ತು ಶಿಲೀಂಧ್ರಕ್ಕೆ ಅನ್ನ ಸಿಗದಂತೆ ಮಾಡುತ್ತವೆ. ಎಲೆಯ ಮೇಲೆ ಸಣ್ಣ ಒಣಚುಕ್ಕೆ ಉಳಿಯುತ್ತದೆ, ಅಷ್ಟೆ. ಗುರುತು ಹಿಡಿಯದಿದ್ದರೆ ಎಂಟು-ಹತ್ತು ದಿನದಲ್ಲಿ ಗುಳ್ಳೆ ಒಡೆದು ಸಾವಿರಾರು ಬೀಜಕಣಗಳು ಹಾರುತ್ತವೆ.

ಅಮೆರಿಕದ ಹೆರಾಲ್ಡ್ ಫ್ಲೋರ್ ಅಗಸೆ ಗಿಡದ ತುಕ್ಕಿನ ಮೇಲೆ ಕೆಲಸ ಮಾಡಿ 1940ರ ದಶಕದಲ್ಲಿ ಇದರ ನಿಯಮವನ್ನು ಕಂಡುಕೊಂಡರು: ಗಿಡದ ಪ್ರತಿಯೊಂದು ಕಾವಲು ಜೀನ್‌ಗೆ ಎದುರಾಗಿ ಶಿಲೀಂಧ್ರದಲ್ಲೂ ಒಂದು ಜೀನ್ ಇರುತ್ತದೆ. ಶಿಲೀಂಧ್ರದ ಆ ಜೀನ್ ಸ್ವಲ್ಪ ಬದಲಾದರೂ ಸಾಕು, ಕಾವಲುಗಾರನಿಗೆ ಕಳ್ಳನ ಮುಖ ಗುರುತು ಸಿಗದು.

ಜೀನ್‌ಗಳ ಹೆಸರು ಸರಳ. ಕಾಂಡ ತುಕ್ಕಿನವಕ್ಕೆ ಎಸ್‌ಆರ್, ಎಲೆ ತುಕ್ಕಿನವಕ್ಕೆ ಎಲ್‌ಆರ್, ಹಳದಿ ತುಕ್ಕಿನವಕ್ಕೆ ವೈಆರ್. ಮುಂದೆ ಒಂದು ಸಂಖ್ಯೆ.

ಗುರುತಿಸುವ ವಿಧಾನ

ಮೊದಲ ಹೆಜ್ಜೆ ಸಸಿ ಪರೀಕ್ಷೆ. ವಾರದ ಸಸಿಗಳ ಮೇಲೆ ಗೊತ್ತಿರುವ ಒಂದು ಬಗೆಯ ತುಕ್ಕನ್ನು ಸಿಂಪಡಿಸಿ, ತೇವದಲ್ಲಿಟ್ಟು, ಎರಡು ವಾರದ ನಂತರ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. 0 ಎಂದರೆ ರೋಗವೇ ಇಲ್ಲ, 4 ಎಂದರೆ ದೊಡ್ಡ ಗುಳ್ಳೆ. ಈ ಅಳತೆಯನ್ನು ರೂಢಿಗೆ ತಂದವರು ಮಿನೆಸೋಟಾದ ಇ. ಸಿ. ಸ್ಟಾಕ್‌ಮನ್.

ಎರಡನೆಯದು ಸಂಕರಣ. ರೋಗ ತಡೆಯುವ ತಳಿ ಮತ್ತು ತಡೆಯದ ತಳಿಯನ್ನು ಸೇರಿಸಿ, ಮೊಮ್ಮಕ್ಕಳ ತಲೆಮಾರಿನಲ್ಲಿ ಎಷ್ಟು ಗಿಡ ಉಳಿದವು, ಎಷ್ಟಕ್ಕೆ ರೋಗ ಬಂತು ಎಂದು ಎಣಿಸುತ್ತಾರೆ. ನಾಲ್ಕರಲ್ಲಿ ಮೂರು ಪಾಲು ತಡೆದು, ಒಂದು ಪಾಲಿಗೆ ರೋಗ ಬಂದರೆ, ಕೆಲಸ ಮಾಡುತ್ತಿರುವುದು ಒಂದೇ ಪ್ರಬಲ ಜೀನ್ ಎಂದು ಅರ್ಥ.

ಮೂರನೆಯದು ಆ ಜೀನ್ ಯಾವ ವರ್ಣತಂತುವಿನ ಯಾವ ಭಾಗದಲ್ಲಿದೆ ಎಂದು ಪತ್ತೆ ಮಾಡುವುದು. ಗೋಧಿಯಲ್ಲಿ ಇದು ಸುಲಭವಲ್ಲ. ಚಪಾತಿ ಗೋಧಿಯಲ್ಲಿ ಮೂರು ಹುಲ್ಲುಗಳ ವಂಶ ಒಂದಾಗಿ 42 ವರ್ಣತಂತುಗಳಿವೆ. ಅದರ ಜೀನೋಮ್ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಅದರ ಪೂರ್ಣ ನಕಾಶೆ ಪ್ರಕಟವಾದದ್ದು 2018ರಲ್ಲಿ. ಆ ಅಂತರರಾಷ್ಟ್ರೀಯ ಕೆಲಸದಲ್ಲಿ ಭಾರತದ ಸಂಸ್ಥೆಗಳ ಪಾಲಿಗೆ ಬಂದದ್ದು 2ಎ ಎಂಬ ವರ್ಣತಂತು.

ಕೊನೆಯ ಹೆಜ್ಜೆ ರುಜುವಾತು. ಸಂಶಯವಿರುವ ಜೀನನ್ನು ಕೆಡಿಸಿದಾಗ ಗಿಡಕ್ಕೆ ರೋಗ ಬರಬೇಕು. ರೋಗ ಬರುವ ಗಿಡಕ್ಕೆ ಅದನ್ನು ಸೇರಿಸಿದಾಗ ರೋಗ ನಿಲ್ಲಬೇಕು. ಎರಡೂ ಆದರೆ ಮಾತ್ರ ಜೀನ್ ಸಿಕ್ಕಿತು ಎನ್ನಬಹುದು. ಒಮ್ಮೆ ಸಿಕ್ಕರೆ ಲಾಭ ದೊಡ್ಡದು: ಮೊಳಕೆಯ ಎಲೆಯ ಚೂರನ್ನು ಪರೀಕ್ಷಿಸಿದರೆ ಆ ಜೀನ್ ಇದೆಯೇ ಇಲ್ಲವೇ ತಿಳಿಯುತ್ತದೆ, ರೋಗ ಬರಲಿ ಎಂದು ಕಾಯಬೇಕಿಲ್ಲ.

ಜವೆ ಗೋಧಿ ಕೊಟ್ಟ ಕೊಡುಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ ಕಡೆ ಜವೆ ಅಥವಾ ಸದಕ ಎಂದೂ, ಮರಾಠಿ ಸೀಮೆಯಲ್ಲಿ ಖಪ್ಲಿ ಎಂದೂ, ತಮಿಳುನಾಡಿನಲ್ಲಿ ಸಾಂಬಾ ಎಂದೂ ಕರೆಯುವ ಗೋಧಿ ಒಂದೇ ಜಾತಿ. ಇದರಲ್ಲಿ 28 ವರ್ಣತಂತುಗಳು. ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿರುತ್ತದೆ. ಒಕ್ಕಿದರೆ ಬಿಡದು, ಕುಟ್ಟಬೇಕು. ಹುಗ್ಗಿ, ಮಾದಲಿ, ಶಾವಿಗೆ, ರವೆಗೆ ಇದರ ರುಚಿಯೇ ಬೇರೆ ಎಂದು ಬಲ್ಲವರು ಹೇಳುತ್ತಾರೆ. ಹೊಸೂರಿನ ಅಂಗಡಿಗಳಲ್ಲಿ ‘ಸಾಂಬಾ ರವೆ’ ಎಂಬ ಹೆಸರು ನಾವೆಲ್ಲ ಕಂಡದ್ದೇ. ಆದರೆ ಚೀಲದ ಮೇಲೆ ಹೆಸರಿದ್ದ ಮಾತ್ರಕ್ಕೆ ಒಳಗಿರುವುದು ಜವೆಯೇ ಎನ್ನಲಾಗದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಖಪ್ಲಿ ಬೀಜ ಅಮೆರಿಕ ಸೇರಿತು. ಕಾಂಡ ತುಕ್ಕಿನ ಬಗೆಗಳನ್ನು ವಿಂಗಡಿಸಲು ಸ್ಟಾಕ್‌ಮನ್ ಮತ್ತು ಲೆವಿನ್ 1922ರಲ್ಲಿ 12 ಗೋಧಿಗಳ ಒಂದು ಗುಂಪನ್ನು ಗೊತ್ತು ಮಾಡಿದರು. ಆ ಹನ್ನೆರಡರಲ್ಲಿ ಖಪ್ಲಿಯೂ ಒಂದು. ಮುಂದೆ ಸಿಡ್ನಿ ವಿಶ್ವವಿದ್ಯಾಲಯದ ಡಬ್ಲ್ಯು. ಎಲ್. ವಾಟರ್‌ಹೌಸ್ ಸ್ಟೈನ್‌ವೆಡೆಲ್ ಎಂಬ ಆಸ್ಟ್ರೇಲಿಯಾದ ಗೋಧಿಯನ್ನು ಖಪ್ಲಿಯೊಂದಿಗೆ ಸೇರಿಸಿ ‘ಖಪ್‌ಸ್ಟೈನ್’ ಎಂಬ ತಳಿ ಮಾಡಿದರು. ಹೆಸರಿನ ಅರ್ಧ ಭಾಗ ನಮ್ಮದೇ. ಹೀಗೆ ಖಪ್ಲಿಯಿಂದ ಚಪಾತಿ ಗೋಧಿಗೆ ದಾಟಿದ ಜೀನ್‌ಗಳೇ ಎಸ್‌ಆರ್ 13 ಮತ್ತು ಎಸ್‌ಆರ್ 14.

ಇವುಗಳ ಬೆಲೆ ತಿಳಿದದ್ದು ಬಹಳ ತಡವಾಗಿ. 1990ರ ದಶಕದ ಕೊನೆಯಲ್ಲಿ ಉಗಾಂಡಾದಲ್ಲಿ ಕಾಂಡ ತುಕ್ಕಿನ ಹೊಸ ಬಗೆಯೊಂದು ಕಂಡಿತು. ಅದಕ್ಕೆ ಯುಜಿ 99 ಎಂದು ಹೆಸರು. ಜಗತ್ತಿನ ಅನೇಕ ತಳಿಗಳು ನೆಚ್ಚಿಕೊಂಡಿದ್ದ ಎಸ್‌ಆರ್ 31 ಎಂಬ ಜೀನನ್ನು ಅದು ಸೋಲಿಸಿತ್ತು. ಕೀನ್ಯಾ, ಇಥಿಯೋಪಿಯಾ, ಯೆಮನ್ ದಾಟಿ 2007ರಲ್ಲಿ ಇರಾನ್‌ನಲ್ಲೂ ಕಾಣಿಸಿಕೊಂಡಿತು. 2005ರಲ್ಲೇ ನಾರ್ಮನ್ ಬೋರ್ಲಾಗ್ ಎಚ್ಚರಿಕೆಯ ಗಂಟೆ ಬಾರಿಸಿದ್ದರು. ಭಾರತದ ತಳಿಗಳನ್ನೂ ಕೀನ್ಯಾದ ಎನ್‌ಜೊರೊಗೆ ಕಳುಹಿಸಿ ಪರೀಕ್ಷಿಸಲಾಯಿತು. ಆಗ ಹಳೆಯ ಜೀನ್‌ಗಳನ್ನು ಮತ್ತೆ ಒರೆಗೆ ಹಚ್ಚಿದಾಗ ಯುಜಿ 99ರ ಎದುರು ಕೆಲಸ ಮಾಡಿದವುಗಳಲ್ಲಿ ಎಸ್‌ಆರ್ 13 ಕೂಡ ಒಂದು. 2017ರಲ್ಲಿ ಕ್ಯಾಲಿಫೋರ್ನಿಯಾದ ಹೋರ್ಹೆ ಡುಬ್ಕೊವ್ಸ್ಕಿ ಅವರ ತಂಡ ಅದರ ಪೂರ್ಣ ರೂಪವನ್ನು ಪ್ರಕಟಿಸಿತು. ಅದು ಮೇಲೆ ಹೇಳಿದ ಕಾವಲುಗಾರ ಬಗೆಯದೇ.

ಜವೆಗೆ ರೋಗವೇ ಬರುವುದಿಲ್ಲ ಎಂದು ಇದರ ಅರ್ಥವಲ್ಲ. ರೋಗದ ಬಗೆ ಬದಲಾದಂತೆ ಅದೂ ಸೋಲಬಹುದು. ಆದರೆ ಕುಟ್ಟುವ ಕಷ್ಟಕ್ಕೆ ಬೇಸತ್ತು ಆ ಬೀಜವನ್ನು ಎಲ್ಲರೂ ಬಿಟ್ಟಿದ್ದರೆ ಈ ಜೀನ್‌ಗಳೂ ಅದರ ಜೊತೆಗೇ ಹೋಗುತ್ತಿದ್ದವು.

ಒಂದೇ ಜೀನ್ ನೆಚ್ಚಿದರೆ

ಒಂದು ಬೀಗಕ್ಕೆ ಒಂದು ಕೀಲಿ ಸಾಕು. ಕಳ್ಳ ಅದನ್ನು ಮಾಡಿಕೊಳ್ಳುವವರೆಗೆ ಮಾತ್ರ ಮನೆ ಭದ್ರ. 1967ರಲ್ಲಿ ಬಿಡುಗಡೆಯಾದ ಕಲ್ಯಾಣಸೋನಾ ಹಸಿರು ಕ್ರಾಂತಿಯ ಹೆಸರಾಂತ ತಳಿ. ಎಲ್ಲೆಲ್ಲೂ ಅದೇ ಬಿತ್ತನೆಯಾದ ಮೇಲೆ, 1970ರ ದಶಕದ ಆರಂಭದಲ್ಲೇ ಎಲೆ ತುಕ್ಕಿಗೆ ಬಿದ್ದುಹೋಯಿತು. 1995ರಲ್ಲಿ ಬಂದ ಪಿಬಿಡಬ್ಲ್ಯು 343 ಪಂಜಾಬಿನಿಂದ ಬಿಹಾರದವರೆಗೆ ಹರಡಿ, ಕೊನೆಗೆ ಹಳದಿ ತುಕ್ಕಿಗೆ ಸೋತಿತು. ಒಂದು ತಳಿ ಹೆಚ್ಚು ಹೊಲ ತುಂಬಿದಷ್ಟೂ ಶಿಲೀಂಧ್ರಕ್ಕೆ ಆ ಒಂದೇ ಬೀಗ ಒಡೆಯುವುದರಲ್ಲಿ ಹೆಚ್ಚು ಲಾಭ.

ನಮ್ಮ ಬೆಟ್ಟದ ಉದಾಹರಣೆಯೂ ಉಂಟು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕಾಡುಹುಲ್ಲೊಂದರಿಂದ ಗೋಧಿಗೆ ಬಂದ ಎಸ್‌ಆರ್ 24 ಮತ್ತು ಎಲ್‌ಆರ್ 24 ಎಂಬ ಜೋಡಿ ಜೀನ್‌ಗಳನ್ನು ಅಲ್ಲಿನ ವಿಜ್ಞಾನಿಗಳು ಅನೇಕ ಭಾರತೀಯ ತಳಿಗಳಿಗೆ ಸೇರಿಸಿದರು. ಚಪಾತಿಗೆ ಹೆಸರಾದ ಸಿ 306 ತಳಿಗೆ ಇವನ್ನು ಸೇರಿಸಿ ಮಾಡಿದ್ದೇ ‘ಅಮರ್’ ಎಂಬ ಎಚ್‌ಡಬ್ಲ್ಯು 2004. ಆದರೆ ಎಸ್‌ಆರ್ 24 ಅನ್ನು ಸೋಲಿಸುವ 40-1 ಎಂಬ ತುಕ್ಕಿನ ಬಗೆ ಭಾರತದಲ್ಲಿ 1990ರಲ್ಲೇ ವರದಿಯಾಯಿತು. ಜೊತೆಗಾರ ಎಲ್‌ಆರ್ 24 ಮಾತ್ರ ಎಲೆ ತುಕ್ಕಿನ ಎದುರು ಬಹುಕಾಲ ಗಟ್ಟಿಯಾಗಿ ನಿಂತಿತು.

ಇದರಿಂದ ಕಲಿತ ಪಾಠ ಎರಡು. ಒಂದು, ಒಂದೇ ತಳಿಯಲ್ಲಿ ಎರಡು-ಮೂರು ಜೀನ್‌ಗಳನ್ನು ಜೋಡಿಸುವುದು. ಒಂದು ಬೀಗ ಒಡೆದರೂ ಇನ್ನೊಂದು ಇರುತ್ತದೆ. ಎರಡು, ರೋಗವನ್ನು ಪೂರ್ತಿ ತಡೆಯದೆ ನಿಧಾನಗೊಳಿಸುವ ಜೀನ್‌ಗಳನ್ನು ಬಳಸುವುದು. ಎಸ್‌ಆರ್ 2 ಇಂಥದ್ದು. 1920ರ ದಶಕದಲ್ಲಿ ಅಮೆರಿಕದ ಇ. ಎಸ್. ಮೆಕ್‌ಫ್ಯಾಡೆನ್ ಇದನ್ನು ಯಾರೊಸ್ಲಾವ್ ಎಂಬ, ಜವೆಯ ಜಾತಿಯದೇ ಆದ ಗೋಧಿಯಿಂದ ಪಡೆದರು. ಇಂದಿಗೂ ಅದು ಕೆಲಸ ಮಾಡುತ್ತಿದೆ. ಎಲ್‌ಆರ್ 34 ಇನ್ನೊಂದು. 2009ರಲ್ಲಿ ಅದರ ರಚನೆ ತಿಳಿದಾಗ, ಅದು ಕಾವಲುಗಾರನ ಬಗೆಯದಲ್ಲ, ಜೀವಕೋಶದಲ್ಲಿ ಸಾಗಾಟದ ಕೆಲಸ ಮಾಡುವ ಪ್ರೋಟೀನ್ ಎಂದು ಗೊತ್ತಾಯಿತು. ಇಂಥ ಜೀನ್ ಇರುವ ಹೊಲದಲ್ಲಿ ಸ್ವಲ್ಪ ತುಕ್ಕು ಕಾಣುತ್ತದೆ, ಬೆಳೆ ಮಾತ್ರ ಕೈಗೆ ಬರುತ್ತದೆ.

ವೆಲ್ಲಿಂಗ್ಟನ್ ಮತ್ತು ಧಾರವಾಡ

ವೆಲ್ಲಿಂಗ್ಟನ್‌ನಲ್ಲಿ ಮೂರೂ ತುಕ್ಕುಗಳು ತಾವಾಗಿಯೇ ಬರುವುದರಿಂದ ಹೊಸ ತಳಿಗೆ ಅದೇ ಅಗ್ನಿಪರೀಕ್ಷೆ. ಬಯಲಿನಲ್ಲಿ ಗೋಧಿ ಬೆಳೆಯದ ತಿಂಗಳುಗಳಲ್ಲೂ ಅಲ್ಲಿ ಬೆಳೆಯಬಹುದು. ಹೀಗಾಗಿ ದೇಶದ ತಳಿವಿಜ್ಞಾನಿಗಳು ವರ್ಷಕ್ಕೆ ಎರಡು ತಲೆಮಾರು ಪಡೆಯಲು ಬೀಜವನ್ನು ಅಲ್ಲಿಗೆ ಕಳುಹಿಸುತ್ತಾರೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ತಮಿಳುನಾಡಿನ ಬಯಲಿಗೆ ಹೊಂದುವ ಗೋಧಿ ತಳಿಗಳನ್ನೂ ಆ ಕೇಂದ್ರ ಕೊಟ್ಟಿದೆ.

ಜವೆಯ ಮುಖ್ಯ ತೊಂದರೆ ಎತ್ತರದ ಗಿಡ. ನೀರು, ಗೊಬ್ಬರ ಕೊಟ್ಟರೆ ಬಾಗಿ ಮಲಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1001, 1009, 1025, 1029 ಎಂಬ ಗಿಡ್ಡ ಜವೆ ತಳಿಗಳನ್ನು ಕೊಟ್ಟು ಇದನ್ನು ನಿವಾರಿಸಿತು. ವೆಲ್ಲಿಂಗ್ಟನ್ ಕೇಂದ್ರ ಎನ್‌ಪಿ 201 ಎಂಬ ಹಳೆಯ ಜವೆಯನ್ನು ವಿಕಿರಣಕ್ಕೆ ಒಡ್ಡಿ ಎಚ್‌ಡಬ್ಲ್ಯು 1098 ಎಂಬ ಗಿಡ್ಡ ತಳಿ ಪಡೆಯಿತು. ಅದಕ್ಕೆ ಇಟ್ಟ ಹೆಸರು ‘ನೀಲಗಿರಿ ಖಪ್ಲಿ’. ತಮಿಳುನಾಡಿನ ಬೆಟ್ಟದಲ್ಲಿ ಹುಟ್ಟಿದ ಈ ತಳಿಯನ್ನು ಬೆಳೆಯಲು ಶಿಫಾರಸು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ.

ನಮ್ಮ ರಾಗಿಗೂ ಇದೇ ನಿಯಮ

ನಮ್ಮ ಭಾಗದ ರಾಗಿಗೆ ತುಕ್ಕಿಗಿಂತ ಬೆಂಕಿ ರೋಗದ ಕಾಟ ಹೆಚ್ಚು. ಅದೂ ಗಾಳಿಯಲ್ಲಿ ಹರಡುವ ಶಿಲೀಂಧ್ರವೇ. ತೆನೆಯ ಕುತ್ತಿಗೆಗೆ ಬಿದ್ದರೆ ತೆನೆ ಕಪ್ಪಾಗಿ ಕಾಳು ಜೊಳ್ಳಾಗುತ್ತದೆ. ಬೆಂಗಳೂರಿನಿಂದ ಬಂದ ಜಿಪಿಯು 28 ಈ ರೋಗವನ್ನು ತಡೆದುದರಿಂದಲೇ ರೈತರ ಮೆಚ್ಚುಗೆ ಪಡೆಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂಎಲ್ 365 ರಾಗಿಯ ಜೀನೋಮ್ ನಕಾಶೆ 2017ರಲ್ಲಿ ಪ್ರಕಟವಾಗಿದೆ. ಗೋಧಿಯಲ್ಲಿ ನೂರು ವರ್ಷದಿಂದ ನಡೆದ ಹುಡುಕಾಟ ರಾಗಿಯಲ್ಲಿ ಈಗ ವೇಗ ಪಡೆಯುತ್ತಿದೆ. ಗೋಧಿಯ ಪಾಠ ನೆನಪಿಟ್ಟರೆ, ಒಂದೇ ತಳಿಯನ್ನು ಊರಿಗೆ ಊರೇ ಬಿತ್ತುವ ಬದಲು ಎರಡು-ಮೂರು ತಳಿ ಇಟ್ಟುಕೊಳ್ಳುವುದು ಜಾಣತನ.

ಸದಸ್ಯರು ಗಮನಿಸಬೇಕಾದದ್ದು

1. ಉತ್ತರ ಕರ್ನಾಟಕದಲ್ಲಿ ಗೋಧಿ ಬೆಳೆಯುವ ಬಂಧುಗಳಿದ್ದರೆ, ನವೆಂಬರ್ ಚಂಡಮಾರುತದ ನಂತರದ ವಾರಗಳಲ್ಲಿ ಹೊಲವನ್ನು ಆಗಾಗ ನೋಡುವಂತೆ ತಿಳಿಸಿ. ಭಂಡಾರದ ಮೊದಲ ಗುಳ್ಳೆ ಕಂಡಾಗಲೇ, ಪ್ರತಿ ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಬೆರೆಸಿ ಸಿಂಪಡಿಸುವುದು ರೂಢಿಯಲ್ಲಿರುವ ಶಿಫಾರಸು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು ಒಳ್ಳೆಯದು.

2. ಮನೆಯಲ್ಲಿ ತಲೆಮಾರಿನಿಂದ ಉಳಿಸಿಕೊಂಡು ಬಂದ ಜವೆ, ರಾಗಿ, ಅವರೆ ಬೀಜ ಇದ್ದರೆ ಬಿಸಾಡಬೇಡಿ. ವರ್ಷಕ್ಕೆ ಒಂದು ಸಾಲಾದರೂ ಬಿತ್ತಿ ಬೀಜ ಹೊಸದಾಗಿಸಿ.

3. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಅಂಥ ತಳಿಯಿಂದ ಹೊಸ ತಳಿ ಮಾಡಿ ಲಾಭ ಬಂದರೆ ಪಾಲು ಕೇಳುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ. ನೂರು ವರ್ಷದ ಹಿಂದೆ ಖಪ್ಲಿ ಬೀಜ ಕಡಲು ದಾಟಿದಾಗ ಅದನ್ನು ಕಾಪಾಡಿದ ರೈತರ ಹೆಸರು ಎಲ್ಲೂ ದಾಖಲಾಗಲಿಲ್ಲ. ಇಂದು ಆ ದಾರಿ ಇದೆ, ಬಳಸಿಕೊಳ್ಳಬೇಕು.

4. ಶಾಲಾ-ಕಾಲೇಜಿನಲ್ಲಿ ಜೀವವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಇದು ಒಳ್ಳೆಯ ವಿಷಯ. ಪುಸ್ತಕದಲ್ಲಿ ಮೆಂಡಲ್‌ನ ಬಟಾಣಿ ಓದುವವರು, ಅದೇ ಲೆಕ್ಕ ಅಜ್ಜಿಯ ಹುಗ್ಗಿಯ ಗೋಧಿಯಲ್ಲೂ ಇದೆ ಎಂದು ತಿಳಿದರೆ ಓದು ಹತ್ತಿರವಾಗುತ್ತದೆ.

ರೋಗ ತಡೆಯುವ ಜೀನನ್ನು ಪ್ರಯೋಗಾಲಯ ಗುರುತಿಸಬಲ್ಲದು, ಒಂದು ತಳಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು. ಆದರೆ ಅದು ಮೊದಲು ಯಾರದೋ ಹೊಲದಲ್ಲಿ, ಯಾರದೋ ಕಣಜದಲ್ಲಿ ಉಳಿದಿರಬೇಕು. ಆ ಕೆಲಸ ಮಾಡಿಕೊಂಡು ಬಂದವರು ರೈತರು. ಮುಂದೆಯೂ ಅದು ಅವರ ಕೈಯಲ್ಲೇ ಇದೆ.